ಪುಣೆಯ ತಂಡ ಮುಚ್ಚುತ್ತದೆ, ಊರಿನ ತಂಡ ಕಾಯಿಸುತ್ತದೆ. ಮಗಳಿಗೆ ಯಾವುದನ್ನು ಕೊಡಲಿ?

ಚಾಕಣ್ ಸೆಕೆಂಡ್ ಶಿಫ್ಟ್

ಮುಂಬೈ, ಪುಣೆ, ಗೋವಾ ಕಡೆಯ ಕನ್ನಡದವರಿಗೆ ಒಂದು ಪ್ರಶ್ನೆ. ಪ್ರಶ್ನೆ ಚಿಕ್ಕದು, ಹಿನ್ನೆಲೆ ಉದ್ದ. ಚಹಾ ಹಿಡಿದುಕೊಂಡು ಓದಿ.

ನನ್ನದು ಹುಬ್ಬಳ್ಳಿ. ಐಪಿಎಲ್ ಶುರುವಾದ ವರ್ಷವೇ ಕೆಲಸಕ್ಕೆ ಅಂತ ಪುಣೆಗೆ ಬಂದೆ. ಚಾಕಣ್‌ನಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಫ್ಯಾಕ್ಟರಿ, ನಾನು ಕ್ವಾಲಿಟಿ ಇನ್‌ಸ್ಪೆಕ್ಷನ್. ಮನೆಯವಳು ಸೊಲ್ಲಾಪುರದವಳು. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಮರಾಠಿ. ಮಗಳು ನಾಲ್ಕನೇ ಕ್ಲಾಸು, ಹುಟ್ಟಿ ಬೆಳೆದದ್ದೆಲ್ಲ ಪಿಂಪ್ರಿ-ಚಿಂಚವಡದಲ್ಲೇ. ಈಗ ಅವಳಿಗೆ 'ನಮ್ಮ ಟೀಮ್' ಒಂದು ಬೇಕಂತೆ. ಕ್ಲಾಸಿನಲ್ಲಿ ಅರ್ಧ ಮಕ್ಕಳು ಮುಂಬೈ ಇಂಡಿಯನ್ಸ್, ಉಳಿದರ್ಧ ಧೋನಿ. 'ನಮ್ಮದು ಯಾವುದು ಪಪ್ಪಾ' ಅಂತ ಬೆನ್ನು ಬಿದ್ದಿದ್ದಾಳೆ. ನಾನು ಬೆನ್ನು ಹತ್ತಿದ ತಂಡಗಳ ಕಥೆ ಕೇಳಿ, ಆಮೇಲೆ ಸಲಹೆ ಕೊಡಿ.

ಮೊದಲು ಪುಣೆ ಲೆಕ್ಕ.

2011ರಲ್ಲಿ ಪುಣೆ ವಾರಿಯರ್ಸ್ ಬಂತು. ಇದ್ದ ಊರಿಗೆ ಒಂದು ತಂಡ ಬಂತಲ್ಲ ಅಂತ ಖುಷಿ. ಗಹುಂಜೆ ಸ್ಟೇಡಿಯಂ ಇನ್ನೂ ತಯಾರಾಗಿರಲಿಲ್ಲ, ಹಾಗಾಗಿ ಪುಣೆಯ ತಂಡ ನವಿ ಮುಂಬೈಯಲ್ಲಿ ಆಡಿತು. ಮರುವರ್ಷ ಗಹುಂಜೆಗೆ ಬಂತು. ಗಂಗೂಲಿ ಕ್ಯಾಪ್ಟನ್, ಒಂಬತ್ತು ತಂಡಗಳಲ್ಲಿ ಒಂಬತ್ತನೇ ಸ್ಥಾನ. 2013ರಲ್ಲಿ ಬೆಂಗಳೂರಿಗೆ ಹೋದಾಗ ಏನಾಯಿತು ಅಂತ ನಿಮಗೆ ಗೊತ್ತು. ಕ್ರಿಸ್ ಗೇಲ್ 66 ಎಸೆತಕ್ಕೆ 175, ಆರ್‌ಸಿಬಿ 263. ಎರಡೂ ನನ್ನ ತಂಡ. ಕುಣಿಯಬೇಕೋ ಅಳಬೇಕೋ? ಕುಣಿದೆ, ಸುಳ್ಳು ಯಾಕೆ ಹೇಳಲಿ. ರೂಮ್‌ಮೇಟ್ ಸಾತಾರದವನು, ಗೇಲ್ ನೂರು ದಾಟುತ್ತಿದ್ದ ಹಾಗೆ ಎದ್ದು ಊಟಕ್ಕೆ ಹೋದ. ಅದೇ ವರ್ಷ ವಾರಿಯರ್ಸ್ ಕಥೆಯೂ ಮುಗಿಯಿತು.

ಆಮೇಲೆ ಚೆನ್ನೈ, ರಾಜಸ್ಥಾನ ಎರಡು ವರ್ಷ ಸಸ್ಪೆಂಡ್ ಆದವು. ಆ ಸಂದಿಯಲ್ಲಿ ಪುಣೆಗೆ ರೈಸಿಂಗ್ ಪುಣೆ ಸೂಪರ್‌ಜೈಂಟ್ಸ್ ಸಿಕ್ಕಿತು. ಬಾಡಿಗೆ ಮನೆಯ ಹಾಗೆ ಎರಡೇ ವರ್ಷದ ಅಗ್ರಿಮೆಂಟ್. 2016ರಲ್ಲಿ ಏಳನೇ ಸ್ಥಾನ. 2017ರಲ್ಲಿ ಧೋನಿ ಬದಲು ಸ್ಟೀವ್ ಸ್ಮಿತ್ ಕ್ಯಾಪ್ಟನ್, ನೇರ ಫೈನಲ್. ಹೈದರಾಬಾದ್‌ನಲ್ಲಿ ಮ್ಯಾಚ್, ಎದುರಿಗೆ ಮುಂಬೈ. ಮುಂಬೈ ಹೊಡೆದದ್ದು ಬರೀ 129, ಅದರಲ್ಲಿ ಕೃಣಾಲ್ ಪಾಂಡ್ಯನದೇ 47.

ನಮ್ಮ ಸೊಸೈಟಿ ಹಾಲ್‌ನಲ್ಲಿ ದೊಡ್ಡ ಪರದೆ ಹಾಕಿದ್ದರು. ಹೊರಗೆ ಪಾರ್ಕಿಂಗ್‌ನಲ್ಲಿ ಹುಡುಗರು ಪಟಾಕಿ ಸರ ಬಿಚ್ಚಿ ಹಾಸಿದ್ದರು. ಕೊನೆಯ ಓವರ್‌ಗೆ 11 ಬೇಕು, ಮಿಚೆಲ್ ಜಾನ್ಸನ್ ಬೌಲಿಂಗ್. ಮೊದಲ ಎಸೆತಕ್ಕೇ ಮನೋಜ್ ತಿವಾರಿ ಫೋರ್. ಒಬ್ಬ ಹುಡುಗ ಊದುಬತ್ತಿ ಹಚ್ಚಿಕೊಂಡು ನಿಂತ. ಎರಡನೇ ಎಸೆತ ತಿವಾರಿ ಔಟ್. ಮೂರನೇ ಎಸೆತ ಸ್ಮಿತ್ ಔಟ್. ಕೊನೆಯ ಎಸೆತಕ್ಕೆ ನಾಲ್ಕು ಬೇಕು, ಎರಡು ಓಡಿದರು, ಮೂರನೆಯದಕ್ಕೆ ರನೌಟ್. ಒಂದು ರನ್ನಿಗೆ ಸೋಲು. ಹಾಸಿದ ಸರವನ್ನು ಮತ್ತೆ ಸುತ್ತಿ ಡಬ್ಬಿಗೆ ತುರುಕುವುದು ಹಚ್ಚುವುದಕ್ಕಿಂತ ಕಷ್ಟ. ನಾನೂ ಒಂದು ತುದಿ ಹಿಡಿದೆ. ಊದುಬತ್ತಿ ಹುಡುಗ 'ಇರಲಿ ಕಾಕಾ, ಗಣಪತಿಗೆ ಬರುತ್ತದೆ' ಅಂದ.

2018ರಲ್ಲಿ ಪುಣೆಗೆ ತಂಡವೇ ಇಲ್ಲ. ಆದರೆ ಕಾವೇರಿ ಗಲಾಟೆ ಜೋರಾಗಿ ಚೆನ್ನೈಯಲ್ಲಿ ಮ್ಯಾಚ್ ನಡೆಸಲು ಆಗದೆ ಸಿಎಸ್‌ಕೆಯೇ ಗಹುಂಜೆಗೆ ಬಂತು. ಅಂದರೆ ಚೆನ್ನೈ ಇಲ್ಲದಾಗ ಪುಣೆಗೊಂದು ತಂಡ, ಚೆನ್ನೈ ವಾಪಸ್ ಬಂದಾಗ ಪುಣೆಗೆ ಚೆನ್ನೈಯೇ ಗತಿ! ಮೇ 5ಕ್ಕೆ ಆರ್‌ಸಿಬಿ ಮ್ಯಾಚ್. ಎಲ್ಲಿ ನೋಡಿದರೂ ಹಳದಿ. ನನ್ನ ಕೆಂಪು ಟೀಶರ್ಟ್ ನೋಡಿ ಕ್ಯೂನಲ್ಲಿದ್ದ ತಮಿಳು ಹುಡುಗರು ನೀರಿನ ಬಾಟಲಿ ಎತ್ತಿ ತೋರಿಸಿ ನಕ್ಕರು. ಅಲ್ಲಪ್ಪಾ, ನಾನು ಹುಬ್ಬಳ್ಳಿಯವನು, ಕುಡಿದು ಬೆಳೆದದ್ದು ಮಲಪ್ರಭಾ ನೀರು! ಯಾರಿಗೆ ಹೇಳಲಿ. ಜಡೇಜಾ ಹಾಕಿದ ಮೊದಲ ಎಸೆತಕ್ಕೇ ಕೊಹ್ಲಿ ಬೌಲ್ಡ್, ಆರ್‌ಸಿಬಿ 127, ಸೋಲು.

ಫುಟ್‌ಬಾಲ್ ಹುಚ್ಚು ಹಿಡಿದದ್ದು ಇಲ್ಲಿಗೆ ಬಂದ ಮೇಲೆ. ಬಾಲೇವಾಡಿ ಸ್ಟೇಡಿಯಂ ಮನೆಗೆ ಹತ್ತಿರ, ಟಿಕೆಟ್ಟೂ ಜಾಸ್ತಿ ಇರಲಿಲ್ಲ. ಮೊದಲು ಪುಣೆ ಎಫ್‌ಸಿ ಇತ್ತು, ಐ-ಲೀಗ್ ಅನ್ನುವ ದೇಶದ ಫುಟ್‌ಬಾಲ್ ಲೀಗ್‌ನಲ್ಲಿ ಒಂದು ಸಲ ಎರಡನೇ ಸ್ಥಾನಕ್ಕೂ ಬಂದಿತ್ತು. ಹೋಯಿತು. ಭಾರತ್ ಎಫ್‌ಸಿ ಅಂತ ಇನ್ನೊಂದು ಬಂತು, ಐ-ಲೀಗ್‌ನಲ್ಲಿ ಒಂದೇ ಸೀಸನ್ ಆಡಿ ಅದೂ ಹೋಯಿತು. ಎಫ್‌ಸಿ ಪುಣೆ ಸಿಟಿ 2014ರಿಂದ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನಲ್ಲಿತ್ತು. 2018ರ ಮಾರ್ಚ್‌ನಲ್ಲಿ ಮೊದಲ ಸಲ ಸೆಮಿಫೈನಲ್. ಎದುರಿಗೆ ಯಾರು? ಬೆಂಗಳೂರು ಎಫ್‌ಸಿ!

ಬಾಲೇವಾಡಿಯಲ್ಲಿ 0-0. ನಾನು ಕಿತ್ತಳೆ ಟೀಶರ್ಟ್ ಹಾಕಿಕೊಂಡು ಪುಣೆಯವರ ಮಧ್ಯೆ ಕೂತಿದ್ದೆ. ಮೂಲೆಯಲ್ಲಿ ನೀಲಿ ಟೀಶರ್ಟ್‌ನವರ ಸಣ್ಣ ಗುಂಪು ಕನ್ನಡದಲ್ಲಿ ಕೂಗುತ್ತಿತ್ತು. ನನ್ನ ಸುತ್ತ ಇದ್ದವರಿಗೆ ಅದು ಬರೀ ಗದ್ದಲ. ನನಗೆ ಮಾತ್ರ ಒಂದೊಂದು ಬೈಗುಳವೂ ಸರಿಯಾಗಿ ತಲುಪುತ್ತಿತ್ತು. ನಗು ತಡೆಯಲಾಗದೆ ಬೂಟಿನ ಲೇಸ್ ಕಟ್ಟುವ ನೆಪ ಮಾಡಿ ಬಗ್ಗಿದೆ. ನಾಲ್ಕು ದಿನ ಬಿಟ್ಟು ಕಂಠೀರವದಲ್ಲಿ ಸುನಿಲ್ ಛೆಟ್ರಿ ಒಬ್ಬನೇ ಮೂರು ಗೋಲು ಹೊಡೆದ, 3-1. ಮುಂದಿನ ಸೀಸನ್ ಮುಗಿಯುತ್ತಿದ್ದ ಹಾಗೆ ಕ್ಲಬ್ಬೂ ಮುಗಿಯಿತು, ಅದರ ಜಾಗ ಹೈದರಾಬಾದ್‌ಗೆ ಹೋಯಿತು. ಟೀಶರ್ಟ್ ಮಾತ್ರ ಗಟ್ಟಿ ಇದೆ. ಮೊನ್ನೆ ಹಾಕಿಕೊಂಡು ಕೆಳಗೆ ಹೋದರೆ ಹೊಸ ವಾಚ್‌ಮನ್ 'ಸ್ವಿಗ್ಗಿ? ಸರ್ವಿಸ್ ಲಿಫ್ಟ್ ಆ ಕಡೆ' ಅಂದ.

ನನ್ನ ಲಿಸ್ಟಿನಲ್ಲಿ ಮುಚ್ಚದೆ ಉಳಿದದ್ದು ಕಬಡ್ಡಿಯ ಪುಣೇರಿ ಪಲ್ಟನ್ ಒಂದೇ. 2022ರಲ್ಲಿ ಫೈನಲ್ ಸೋಲು. 2024ರ ಮಾರ್ಚ್ 1ಕ್ಕೆ ಹೈದರಾಬಾದ್‌ನಲ್ಲಿ ಹರಿಯಾಣ ಸ್ಟೀಲರ್ಸ್ ಎದುರು 28-25, ಕಪ್! ಪಂಕಜ್ ಮೋಹಿತೆ ಒಂದೇ ರೈಡಿನಲ್ಲಿ ನಾಲ್ಕು ಅಂಕ ತಂದ. 28-25ರ ಆಟದಲ್ಲಿ ನಾಲ್ಕು ಅಂಕ ಅಂದರೆ ಅರ್ಧ ಕಪ್ಪು ಅಲ್ಲೇ ಬಂತು ಅಂತ ಲೆಕ್ಕ. ಸರಿ, ಇನ್ನಾದರೂ ನೆಮ್ಮದಿ ಅಂದುಕೊಂಡರೆ ಮುಂದಿನ ಸೀಸನ್‌ಗೆ ಇರಾನಿನ ಶಾದ್ಲೂಯಿ ಅದೇ ಹರಿಯಾಣಕ್ಕೆ ಹೋದ. ಆ ಸಲ ಫೈನಲ್ ನಡೆದದ್ದು ನಮ್ಮ ಬಾಲೇವಾಡಿಯಲ್ಲೇ, 2024ರ ಡಿಸೆಂಬರ್ 29. ಪಲ್ಟನ್ ಪ್ಲೇಆಫ್‌ಗೂ ಬಂದಿರಲಿಲ್ಲ. ನಮ್ಮ ಅಂಗಳದಲ್ಲಿ ಹರಿಯಾಣ ಕಪ್ ಎತ್ತಿತು. 2025ರಲ್ಲಿ ಮತ್ತೆ ಫೈನಲ್‌ಗೆ ಬಂದೆವು, ದಬಾಂಗ್ ಡೆಲ್ಲಿ ಎದುರು 31-28ಕ್ಕೆ ಸೋತೆವು.

ಇನ್ನು ಊರಿನ ಲೆಕ್ಕ. ಇದನ್ನು ಬೇಗ ಮುಗಿಸುತ್ತೇನೆ, ನಿಮಗೂ ಬಾಯಿಪಾಠ ಇರುತ್ತದೆ. ಆರ್‌ಸಿಬಿ 2009 ಫೈನಲ್ ಸೋಲು, 2011 ಫೈನಲ್ ಸೋಲು, 2016ರಲ್ಲಿ ಚಿನ್ನಸ್ವಾಮಿಯಲ್ಲೇ ಫೈನಲ್, ಎಂಟು ರನ್ ಸೋಲು. 2017ರಲ್ಲಿ ಈಡನ್‌ನಲ್ಲಿ 49ಕ್ಕೆ ಆಲೌಟ್. ಕೊನೆಗೆ 2025ರ ಜೂನ್ 3, ಅಹಮದಾಬಾದ್, ಆರು ರನ್ನಿನ ಗೆಲುವು. ಫೈನಲ್‌ನ ಮ್ಯಾನ್ ಆಫ್ ದಿ ಮ್ಯಾಚ್ ಯಾರು? ಕೃಣಾಲ್ ಪಾಂಡ್ಯ, 17 ರನ್ನಿಗೆ ಎರಡು ವಿಕೆಟ್. 2017ರಲ್ಲಿ ಪುಣೆಯ ಬಾಯಿಂದ ಕಪ್ ಕಿತ್ತುಕೊಂಡಾಗಲೂ ಮ್ಯಾನ್ ಆಫ್ ದಿ ಮ್ಯಾಚ್ ಇದೇ ಪುಣ್ಯಾತ್ಮ! ಎಂಟು ವರ್ಷ ಅವನನ್ನು ಬೈದ ಬಾಯಿಗೆ ಅವತ್ತು ರಾತ್ರಿ ಧಾರವಾಡ ಪೇಢೆ ಹಾಕಿಕೊಂಡೆ.

ಮರುದಿನ ಶಿಫ್ಟಿಗೆ ಹೋಗುವಾಗ ಪೇಢೆ ಡಬ್ಬಿ ಬ್ಯಾಗಿನಲ್ಲಿತ್ತು. ಟೀ ಬ್ರೇಕ್‌ಗೆ ಹಂಚೋಣ ಅಂತ. ಅಷ್ಟರಲ್ಲಿ ಚಿನ್ನಸ್ವಾಮಿ ಹೊರಗಿನ ಕಾಲ್ತುಳಿತದ ಸುದ್ದಿ ಬಂತು. 11 ಜನ ಸತ್ತರು. ಬೆಳಗ್ಗೆಯಿಂದ ಕಂಗ್ರಾಟ್ಸ್ ಹೇಳುತ್ತಿದ್ದವರೇ ಫೋನ್ ನೋಡಿ ನನ್ನ ಮುಖ ನೋಡಿದರು. ಡಬ್ಬಿ ಹಾಗೇ ವಾಪಸ್ ತಂದೆ. ಮಗಳಿಗೆ ಆ ಕಪ್ಪಿನ ಕಥೆ ಹೇಳುವಾಗ ಎಲ್ಲಿಗೆ ನಿಲ್ಲಿಸಬೇಕು ಅಂತ ಈಗಲೂ ಗೊತ್ತಾಗುವುದಿಲ್ಲ.

ರಣಜಿ ಒಂದು ಬಿಟ್ಟೆ. 2014ರ ಫೈನಲ್, ಕರ್ನಾಟಕ-ಮಹಾರಾಷ್ಟ್ರ. ಆ ಸೀಸನ್‌ನಲ್ಲಿ ಕೇದಾರ್ ಜಾಧವ್ 1223 ರನ್ ಹೊಡೆದಿದ್ದ, ಇಡೀ ಕ್ಯಾಂಟೀನು 'ರಣಜಿ ಆಪ್ಲೀಚ್', ಅಂದರೆ ರಣಜಿ ನಮ್ಮದೇ, ಅನ್ನುತ್ತಿತ್ತು. ಪಾಪ, ಮಹಾರಾಷ್ಟ್ರ ಕೊನೆಯ ಸಲ ಗೆದ್ದದ್ದು 1940-41ರಲ್ಲಿ. ನಮ್ಮವರು ಏಳು ವಿಕೆಟ್‌ನಿಂದ ಗೆದ್ದರು. ಆ ವಾರವೆಲ್ಲ ನನ್ನ ಮಿಸಳ್‌ಗೆ ಬಡಿಸುವವನು ತರ್ರಿ (ಮೇಲೆ ಹಾಕುವ ಖಾರದ ರಸ) ಕಡಿಮೆ ಹಾಕಿದ.

ಹುಟ್ಟಿದ ಊರಿನದೇ ತಂಡವೂ ಇದೆ, ಹುಬ್ಳಿ ಟೈಗರ್ಸ್. 2023ರಲ್ಲಿ ಮನೀಶ್ ಪಾಂಡೆ ಕ್ಯಾಪ್ಟನ್ ಆಗಿ ಮಹಾರಾಜ ಟ್ರೋಫಿ ಗೆದ್ದರು. ಖುಷಿಯಿಂದ ಹುಬ್ಬಳ್ಳಿಗೆ ಅಣ್ಣನಿಗೆ ಫೋನ್ ಮಾಡಿದರೆ 'ಯಾವ ಮ್ಯಾಚೋ?' ಅಂದ.

ಈಗ ಹೇಳಿ. ಪುಣೆಯ ತಂಡ ಕೊಟ್ಟರೆ ಇವಳು ಕಾಲೇಜು ಮುಟ್ಟುವಷ್ಟರಲ್ಲಿ ಅದು ಇರುತ್ತದೋ ಇಲ್ಲವೋ. ಬೆಂಗಳೂರಿನದು ಕೊಟ್ಟರೆ 'ನಾವು ಅಲ್ಲಿ ಯಾವಾಗ ಇದ್ದೆವು' ಅಂತ ಕೇಳುತ್ತಾಳೆ, ಅವಳು ಬೆಂಗಳೂರು ನೋಡಿದ್ದು ಒಂದು ಮದುವೆಗೆ ಮಾತ್ರ. ನಿಮ್ಮ ಮಕ್ಕಳು ಯಾರ ಪರ? ನೀವೇ ಹೇಳಿಕೊಟ್ಟಿರಾ, ಅವರೇ ಹಿಡಿದುಕೊಂಡರಾ?

ಈ ಸಲ ಖಾಯಂ

ಇಷ್ಟುದ್ದ ಬರೆಯುವ ಬದಲು ಒಂದು ಆರ್‌ಸಿಬಿ ಟೀಶರ್ಟ್ ಆರ್ಡರ್ ಮಾಡಿದ್ದರೆ ಇಷ್ಟೊತ್ತಿಗೆ ಬಂದಿರುತ್ತಿತ್ತು. ಕನ್ನಡದವರ ಮನೆಯಲ್ಲಿ ಇದೂ ಒಂದು ಪ್ರಶ್ನೆನಾ?

ಚಾಕಣ್ ಸೆಕೆಂಡ್ ಶಿಫ್ಟ್

ಟೀಶರ್ಟ್ ತರುವುದು ಸುಲಭ ಅಣ್ಣಾ. ಏಪ್ರಿಲ್‌ನಲ್ಲಿ ಸತತ ಸೋತಾಗ ಅದನ್ನು ಹಾಕಿಕೊಂಡು ಶಾಲೆಗೆ ಹೋಗುವವಳು ಅವಳು, ನೀವಲ್ಲ.

ಮಾಟುಂಗಾ ಸ್ಲೋ

ತಮ್ಮಾ, ನಾನು ಬ್ಯಾಂಕಿನಿಂದ ರಿಟೈರ್ ಆದವನು, ಮುಂಬೈಯಲ್ಲಿ ಜನ್ಮ ಕಳೆದೆ. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್‌ಗೆ ನಡೆದೇ ಹೋಗುವಷ್ಟು ಹತ್ತಿರ ನನ್ನ ಮನೆ. ಐಪಿಎಲ್ ನನಗೆ ಅಷ್ಟಕ್ಕಷ್ಟೇ. ನನ್ನದು ಕರ್ನಾಟಕ ರಣಜಿ ತಂಡ, ವಿಶ್ವನಾಥ್ ಆಡುತ್ತಿದ್ದ ಕಾಲದಿಂದ.

ನಿನ್ನ ಒಂದು ರನ್ನಿನ ಕಥೆ ಓದಿ ನನಗೆ 2010ರ ಜನವರಿ ನೆನಪಾಯಿತು. ಮೈಸೂರಿನಲ್ಲಿ ರಣಜಿ ಫೈನಲ್, ಎದುರಿಗೆ ಮುಂಬೈ. ಗೆಲ್ಲಲಿಕ್ಕೆ 338. ಮನೀಶ್ ಪಾಂಡೆ ಇನ್ನೂ ಹುಡುಗ, 144 ಹೊಡೆದ. ಆರು ರನ್ನಿಗೆ ಸೋತೆವು. ನನ್ನ ಬ್ರಾಂಚಿನಲ್ಲಿ ಶಿವಾಜಿ ಪಾರ್ಕಿನವರೇ ತುಂಬಿದ್ದರು. ಅವರು ಚುಡಾಯಿಸಲಿಲ್ಲ, ಅದೇ ಜಾಸ್ತಿ ಉರಿಯಿತು. 'ಚೆನ್ನಾಗಿ ಆಡಿದರು ನಿಮ್ಮ ಹುಡುಗರು' ಅಂತ ಒಬ್ಬರಾದ ಮೇಲೆ ಒಬ್ಬರು ಬಂದು ಹೇಳಿ ಹೋದರು. ಸಾವಿನ ಮನೆಗೆ ಬಂದವರ ಧಾಟಿ!

ಅದಕ್ಕೆ ಬಡ್ಡಿ ಸಮೇತ ಸಿಕ್ಕಿದ್ದು 2015ರಲ್ಲಿ. ಮೊದಲು ಸೆಮಿಫೈನಲ್, ಬೆಂಗಳೂರಿನಲ್ಲಿ ವಿನಯ್ ಕುಮಾರ್ ಆರು ವಿಕೆಟ್ ತೆಗೆದು ಮುಂಬೈಯನ್ನು 44ಕ್ಕೆ ಮುಗಿಸಿದ. ಆಮೇಲೆ ಫೈನಲ್, ಅದೂ ವಾಂಖೆಡೆಯಲ್ಲಿ, ತಮಿಳುನಾಡು ಎದುರು. ಕರುಣ್ ನಾಯರ್ 328, ರಾಹುಲ್ 188. ರಜೆ ಹಾಕಿ ಹೋಗಿದ್ದೆ. ಸ್ಟ್ಯಾಂಡ್‌ನಲ್ಲಿ ಜನಕ್ಕಿಂತ ಕಾಗೆ ಜಾಸ್ತಿ. ನಾಲ್ಕು ಸೀಟು ಆಚೆ ಒಬ್ಬರು ಡಬ್ಬಿ ತೆಗೆದು ಚಿತ್ರಾನ್ನ ತಿನ್ನುತ್ತಿದ್ದರು. ನಾನು ಏನೂ ಕೇಳಲಿಲ್ಲ, ಅವರೇ ಮುಚ್ಚಳಕ್ಕೆ ಹಾಕಿ ಕೊಟ್ಟರು. ಇನಿಂಗ್ಸ್ ಮತ್ತು 217 ರನ್ ಗೆಲುವು.

ಅವತ್ತಿನಿಂದ ನನ್ನದೊಂದು ನಂಬಿಕೆ. ನಮ್ಮವರು ಮುಂಬೈಗೆ ಫೈನಲ್‌ಗೆ ಬಂದರೆ ಹೆಚ್ಚಾಗಿ ಗೆಲ್ಲುತ್ತಾರೆ. ನಗಬೇಡ, ಲೆಕ್ಕ ನೋಡು. 2019ರ ಜನವರಿ 5, ವರ್ಲಿಯಲ್ಲಿ ಕಬಡ್ಡಿ ಫೈನಲ್, ಬೆಂಗಳೂರು ಬುಲ್ಸ್ ಗುಜರಾತ್ ಎದುರು 38-33, ಪವನ್ ಸೆಹ್ರಾವತ್ ಒಬ್ಬನದೇ 22 ಅಂಕ. ಅದೇ ವರ್ಷ ಮಾರ್ಚ್ 17, ಅಂಧೇರಿಯಲ್ಲಿ ಐಎಸ್‌ಎಲ್ ಫೈನಲ್, ಬೆಂಗಳೂರು ಎಫ್‌ಸಿ ಗೋವಾ ಎದುರು 1-0. 117ನೇ ನಿಮಿಷಕ್ಕೆ ತಲೆಯಿಂದ ಗೋಲು ಹೊಡೆದ ರಾಹುಲ್ ಭೇಕೆ ಕೂಡ ಮುಂಬೈ ಹುಡುಗನೇ. ಇನ್ನೂ ಒಂದು ಹೇಳುತ್ತೇನೆ. ಮಾರ್ಚ್ 17 ನಮ್ಮ ಅಪ್ಪು ಹುಟ್ಟುಹಬ್ಬ. 2024ರಲ್ಲಿ ಆರ್‌ಸಿಬಿ ಹುಡುಗಿಯರು ಕಪ್ ಗೆದ್ದದ್ದೂ ಮಾರ್ಚ್ 17ಕ್ಕೇ.

ಈ ಸಲ ಖಾಯಂ

ಸರ್, 2010 ಐಪಿಎಲ್ ಸೆಮಿಫೈನಲ್? ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ಮುಂಬೈ ಎದುರು 35 ರನ್ನಿಗೆ ಸೋತೆವು. ಮಾರ್ಚ್ 17, 2018ಕ್ಕೆ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಚೆನ್ನೈಯಿನ್ ಎದುರು ಫೈನಲ್ ಸೋತದ್ದೂ ನಿಮ್ಮ ಲೆಕ್ಕದಲ್ಲಿ ಇಲ್ಲ.

ಮಾಟುಂಗಾ ಸ್ಲೋ

ನಾನು ಹೇಳಿದ್ದು ಫೈನಲ್, ನೀನು ಹೇಳುವುದು ಸೆಮಿಫೈನಲ್. ಮೇಲಾಗಿ ಅದು ನವಿ ಮುಂಬೈಯ ನೆರೂಳ್. ಖಾಡಿ (ಸಮುದ್ರದ ಹಿನ್ನೀರು) ದಾಟಿದ ಮೇಲೆ ನನ್ನ ಜವಾಬ್ದಾರಿ ಅಲ್ಲ. 2018ರದ್ದು ಬೆಂಗಳೂರಿನಲ್ಲಿ ನಡೆಯಿತು, ಮುಂಬೈಯಲ್ಲಿ ಇಟ್ಟಿದ್ದರೆ ಗೆಲ್ಲುತ್ತಿದ್ದರು.

ಫತೋರ್ಡಾ ಗ್ಯಾಲರಿ

ವಾಸ್ಕೋದಿಂದ ಬರೆಯುತ್ತಿದ್ದೇನೆ. ನಮ್ಮಪ್ಪ ಗದಗ ಕಡೆಯಿಂದ ಮುರಗಾಂವ್ ಬಂದರಿನ ಕೆಲಸಕ್ಕೆ ಬಂದವರು. ನಾನು ಇಲ್ಲೇ ಹುಟ್ಟಿದವನು. ಮನೆಯಲ್ಲಿ ಜವಾರಿ ಕನ್ನಡ, ಹೊರಗೆ ಕೊಂಕಣಿ. ಆಟ ಅಂದರೆ ಫುಟ್‌ಬಾಲ್, ಬೇರೆ ಮಾತೇ ಇಲ್ಲ.

ನಿಮ್ಮ ಪೋಸ್ಟಿನಲ್ಲಿ 'ಜಾಗ ಹೈದರಾಬಾದ್‌ಗೆ ಹೋಯಿತು' ಅಂತ ಒಂದು ಸಾಲಿನಲ್ಲಿ ದಾಟಿಬಿಟ್ಟಿರಿ. ನನ್ನ ಅರ್ಧ ಕಥೆ ಆ ಸಾಲಿನಲ್ಲೇ ಇದೆ ನೋಡ್ರಿ.

2015ರ ಡಿಸೆಂಬರ್, ಐಎಸ್‌ಎಲ್ ಫೈನಲ್, ನಮ್ಮ ಗೋವಾದ ಫತೋರ್ಡಾ ಸ್ಟೇಡಿಯಂನಲ್ಲೇ. ಎಫ್‌ಸಿ ಗೋವಾ 2-1 ಮುಂದೆ. ಇನ್ನೇನು ಮುಗಿಯಿತು ಅನ್ನುವಾಗ ಚೆನ್ನೈಯಿನ್ ಒತ್ತಿ ಬಂತು. ಗೋಲಿನಲ್ಲಿದ್ದವನು ಲಕ್ಷ್ಮೀಕಾಂತ್ ಕಟ್ಟಿಮನಿ. ಕಟ್ಟಿಮನಿ ಅಂದರೆ ನಮ್ಮ ಗ್ಯಾಲರಿಯ ಕನ್ನಡದವರಿಗೆ ಮನೆಯ ಹುಡುಗನ ಹೆಸರು. ಬಾಲ್ ಅವನನ್ನೇ ತಾಗಿ ಒಳಗೆ ಹೋಯಿತು, ಸ್ವಂತ ಗೋಲು, 2-2. ಸಾವರಿಸಿಕೊಳ್ಳುವಷ್ಟರಲ್ಲಿ ಮೆಂಡೋಜಾ ಮೂರನೆಯದು ಹೊಡೆದ. ಪಕ್ಕದಲ್ಲಿ ಕೂತಿದ್ದ ಮುದುಕ ಎದ್ದು ನಿಲ್ಲಲೂ ಇಲ್ಲ, ಕೂತಲ್ಲೇ ಚಪ್ಪಲಿ ಹುಡುಕಿದ.

ಈಗ 2022ರ ಮಾರ್ಚ್‌ಗೆ ಬನ್ನಿ. ಅದೇ ಫತೋರ್ಡಾ, ಮತ್ತೆ ಐಎಸ್‌ಎಲ್ ಫೈನಲ್, ಕೇರಳ ಬ್ಲಾಸ್ಟರ್ಸ್ ಎದುರು ಹೈದರಾಬಾದ್. ನಿಮ್ಮ ಪುಣೆ ಸಿಟಿಯ ಜಾಗಕ್ಕೆ ಬಂದಿತ್ತಲ್ಲ, ಅದೇ ಹೈದರಾಬಾದ್! ಗೋಲಿನಲ್ಲಿ ಯಾರು? ಅದೇ ಕಟ್ಟಿಮನಿ. 1-1 ಆಗಿ ಪೆನಾಲ್ಟಿಗೆ ಹೋಯಿತು. ಮೂರು ಹಿಡಿದ. ಮೂರು! ಕಪ್ ಹೈದರಾಬಾದ್‌ಗೆ. ಗ್ಯಾಲರಿಯ ತುಂಬ ಹಳದಿ ಬಟ್ಟೆಯ ಕೇರಳದವರು, ಅವರ ಮಧ್ಯೆ ನಾನೊಬ್ಬ ಎದ್ದು ಚಪ್ಪಾಳೆ ಹೊಡೆದೆ. ಗೋವಾ ಆಡುತ್ತಿರಲಿಲ್ಲ, ಹೈದರಾಬಾದ್‌ಗೂ ನನಗೂ ಏನೂ ಸಂಬಂಧ ಇಲ್ಲ. ಆದರೂ ಆರು ವರ್ಷದ ಬಾಕಿ ಚುಕ್ತಾ ಆಯಿತು ಅನ್ನಿಸಿತು.

ಇನ್ನು ಬೆಂಗಳೂರು ಎಫ್‌ಸಿ. ನಮಗೆ ಅವರು ಕೊಟ್ಟಷ್ಟು ಕಾಟ ಇನ್ಯಾರೂ ಕೊಟ್ಟಿಲ್ಲ. 2019ರ ಫೈನಲ್ ಮಾಟುಂಗಾ ಮಾಮಾ ಹೇಳಿದರಲ್ಲ. 2025ರ ಏಪ್ರಿಲ್ ಇನ್ನೂ ಹಸಿ ಇದೆ. ಸೆಮಿಫೈನಲ್ ಮೊದಲ ಪಂದ್ಯ ಬೆಂಗಳೂರಿನಲ್ಲಿ 2-0 ಸೋತು ಬಂದು, ಫತೋರ್ಡಾದಲ್ಲಿ 2-0 ಮಾಡಿ ಸಮ ಮಾಡಿದೆವು. ಎಕ್ಸ್‌ಟ್ರಾ ಟೈಮ್‌ಗೆ ಹೋಗುತ್ತದೆ ಅಂತ ಎಲ್ಲರೂ ನೀರು ಕುಡಿಯುತ್ತಿದ್ದಾಗ 40 ವಯಸ್ಸಿನ ಛೆಟ್ರಿ ತಲೆ ಕೊಟ್ಟ. ಬೆಂಗಳೂರಿನಲ್ಲಿರುವ ನನ್ನ ದೊಡ್ಡಪ್ಪನ ಮಗ ಅವತ್ತು ರಾತ್ರಿ ವಿಡಿಯೋ ಕಾಲ್ ಮಾಡಿದ. ಎತ್ತಲಿಲ್ಲ.

ನಿಮ್ಮ ಪ್ರಶ್ನೆಗೆ ಬಂದರೆ, ತಂಡ ಮುಚ್ಚುತ್ತದೆ ಅಂತ ಹೆದರಬೇಡಿ. 2016ರಲ್ಲಿ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಮೂರೂ ಒಟ್ಟಿಗೆ ಐ-ಲೀಗ್ ಬಿಟ್ಟವು. ಡೆಂಪೊ ಅಂದರೆ ಐದು ಸಲ ದೇಶದ ಚಾಂಪಿಯನ್! ಊರಿಗೆ ಊರೇ ಸುಮ್ಮನಾಯಿತು. ಆದರೆ ಡೆಂಪೊ ಕೆಳಗಿನ ಲೀಗ್‌ನಲ್ಲಿ ಆಡಿ ಮೇಲೆ ಬಂದು 2024ರಲ್ಲಿ ಮತ್ತೆ ಐ-ಲೀಗ್ ಆಡಿತು. ಹಾಗಾಗಿ ನಿಮ್ಮ ಸ್ವಿಗ್ಗಿ ಟೀಶರ್ಟ್ ಎಸೆಯಬೇಡಿ.

ಠಾಣೆ ಅಕ್ಕ

ಎಲ್ಲರೂ ಗಂಡಸರ ತಂಡದ್ದೇ ಹೇಳುತ್ತಿದ್ದೀರಿ. ಕೇಳಿದ್ದು ಹುಡುಗಿಗೆ ಅಲ್ವಾ?

2023ರಲ್ಲಿ ಹೆಂಗಸರ ಐಪಿಎಲ್, ಅಂದರೆ ಡಬ್ಲ್ಯುಪಿಎಲ್ ಶುರುವಾದಾಗ ಎಲ್ಲ ಮ್ಯಾಚೂ ನಮ್ಮ ಮುಂಬೈ ಕಡೆಯೇ ನಡೆದವು. ಹೆಂಗಸರಿಗೆ ಟಿಕೆಟ್ ಫ್ರೀ. ನಾನು, ನನ್ನ ಮಗಳು, ಪಕ್ಕದ ಮನೆಯ ಅಜ್ಜಿ ಮೂವರೂ ಬ್ರೇಬೋರ್ನ್‌ಗೆ ಹೋದೆವು. ಅಜ್ಜಿ ಬಂದದ್ದು ಫ್ರೀ ಅಂತ ಮಾತ್ರ. ಆರ್‌ಸಿಬಿಯ ಮೊದಲ ಮ್ಯಾಚೇ ಅದು, ಡೆಲ್ಲಿ 223 ಹೊಡೆದು ನಮ್ಮವರನ್ನು ಹಣಿದು ಹಾಕಿತು. ಅಲ್ಲಿಂದ ಸತತ ಐದು ಸೋಲು. ಮಗಳು 'ಗಂಡಸರ ಟೀಮಿನ ಥರಾನೇ ಇದಾರಲ್ಲ ಅಮ್ಮಾ' ಅಂದಳು.

ಮರುವರ್ಷ ಫೈನಲ್‌ನಲ್ಲಿ ಅದೇ ಡೆಲ್ಲಿ. ವಿಕೆಟ್ ಇಲ್ಲದೆ 64 ಹೊಡೆದಿದ್ದರು. ನಾನು ಎದ್ದು ಅಡುಗೆ ಮನೆಗೆ ಹೋದೆ, ದೋಸೆ ಹಿಟ್ಟು ರುಬ್ಬುವುದಿತ್ತು. ಸೋಫಿ ಮೊಲಿನ್ಯೂ ಒಂದೇ ಓವರ್‌ನಲ್ಲಿ ಮೂರು ವಿಕೆಟ್ ತೆಗೆದಳು. ಮಗಳು ಕಿರುಚಿದ್ದು ಗ್ರೈಂಡರ್ ಸದ್ದಿನಲ್ಲೂ ಕೇಳಿಸಿತು. ಆಮೇಲೆ ನಮ್ಮ ಶ್ರೇಯಾಂಕಾ ಪಾಟೀಲ್ ನಾಲ್ಕು. ಡೆಲ್ಲಿ 113ಕ್ಕೆ ಆಲೌಟ್. ಗಂಡಸರು 16 ವರ್ಷ ಆಡಿ ತರದ ಕಪ್ಪನ್ನು ಇವರು ಎರಡನೇ ವರ್ಷಕ್ಕೆ ತಂದರು.

ನಿಮ್ಮ ಮಗಳಿಗೆ ಇದು ಯಾಕೆ ಸರಿ ಅಂದರೆ, ಕ್ಯಾಪ್ಟನ್ ಸ್ಮೃತಿ ಮಂಧಾನ ಬೆಳೆದದ್ದು ಸಾಂಗ್ಲಿಯಲ್ಲಿ. ನಿಮ್ಮ ಪುಣೆ-ಹುಬ್ಬಳ್ಳಿ ರೈಲು ಸಾಂಗ್ಲಿ ದಾಟಿಯೇ ಹೋಗುತ್ತದೆ. ಕ್ಲಾಸಿನಲ್ಲಿ ಮರಾಠಿ ಮಕ್ಕಳು 'ಬೆಂಗಳೂರು ಯಾಕೆ' ಅಂತ ಕೇಳಿದರೆ, 'ನಿಮ್ಮ ಸಾಂಗ್ಲಿಯವಳೇ ಕ್ಯಾಪ್ಟನ್' ಅನ್ನಬಹುದು. ಬಾಯಿ ಮುಚ್ಚುತ್ತಾರೆ. ನನ್ನ ಮಗಳು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾಳೆ.

ಬಾಲೇವಾಡಿ ಎರಡನೇ ಗೇಟ್

ಪಲ್ಟನ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 2024ರಲ್ಲಿ ಆ ಕಪ್ ಗೆದ್ದಾಗ ಕೋಚ್ ಯಾರಿದ್ದರು? ಬಿ.ಸಿ. ರಮೇಶ್. ನಮ್ಮ ಕನ್ನಡದವರು, ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಅದಕ್ಕೂ ಮೊದಲು 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ಕಪ್ ಕೊಡಿಸಿದ್ದರು. ಪುಣೆಯ ತಂಡ, ಕನ್ನಡದ ಕೋಚ್. ನಿಮ್ಮ ಮನೆಗೆ ಇದಕ್ಕಿಂತ ಒಳ್ಳೆಯ ಜೋಡಿ ಬೇಕಾ? ಆಮೇಲೆ ಅವರು ಬೆಂಗಳೂರು ಬುಲ್ಸ್‌ಗೆ ಹೋದರು, ಅದು ಬೇರೆ ವಿಷಯ.

ಕಬಡ್ಡಿಯಲ್ಲಿ ಇನ್ನೊಂದು ಅನುಕೂಲ. ಗಹುಂಜೆಯಲ್ಲಿ ಮೇಲಿನ ಸ್ಟ್ಯಾಂಡ್‌ನಲ್ಲಿ ಕೂತರೆ ಆಟಗಾರ ಯಾರು ಅಂತ ಪರದೆ ನೋಡಿ ತಿಳಿದುಕೊಳ್ಳಬೇಕು. ಬಾಲೇವಾಡಿ ಹಾಲ್‌ನಲ್ಲಿ ರೈಡರ್ ಉಸಿರು ಬಿಗಿ ಹಿಡಿದದ್ದೂ ಕಾಣುತ್ತದೆ. ಮಕ್ಕಳಿಗೆ ಅದು ಬೇಕು.

ಚಾಕಣ್ ಸೆಕೆಂಡ್ ಶಿಫ್ಟ್

ಎಲ್ಲರಿಗೂ ಥ್ಯಾಂಕ್ಸ್. ಕಟ್ಟಿಮನಿ ಕಥೆ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ನಮ್ಮ ತಂಡದ ಜಾಗ ಹೋಯಿತು ಅಂತ ಹೈದರಾಬಾದ್ ಮ್ಯಾಚ್ ಬಂದರೆ ಚಾನೆಲ್ ಬದಲಾಯಿಸುತ್ತಿದ್ದೆ.

ನಿನ್ನೆ ವಾರದ ರಜೆ. ಮಗಳಿಗೆ ಎರಡು ವಿಡಿಯೋ ತೋರಿಸಿದೆ. ಅಕ್ಕ ಹೇಳಿದ ಡೆಲ್ಲಿ ಫೈನಲ್, ಆಮೇಲೆ ಪಂಕಜ್ ಮೋಹಿತೆಯ ಆ ರೈಡ್. ಶ್ರೇಯಾಂಕಾ ಇಷ್ಟವಾದಳು, ಎರಡು ಸಲ ನೋಡಿದಳು. ರೈಡ್ ಮಾತ್ರ ಎಷ್ಟು ಸಲ ನೋಡಿದಳೋ ದೇವರಿಗೇ ಗೊತ್ತು. ಆಮೇಲೆ ದಿವಾನದ ಮೇಲಿನ ಗಾದಿ ಕೆಳಗೆ ಎಳೆದು, ದುಪಟ್ಟಾದಲ್ಲಿ ಗೆರೆ ಹಾಕಿ, ನನ್ನನ್ನು ಡಿಫೆಂಡರ್ ಮಾಡಿದಳು. ಈ ವಯಸ್ಸಿನಲ್ಲಿ ನನ್ನ ಮೊಣಕಾಲು ಕೇಳುತ್ತಾ? ಬೋನಸ್ ಲೈನ್ ಎಲ್ಲಿ ಅಂತ ಜಗಳ ಬೇರೆ.

ಸದ್ಯದ ತೀರ್ಮಾನ: ಪಲ್ಟನ್ ಟೀಶರ್ಟ್, ಆರ್‌ಸಿಬಿ ಕ್ಯಾಪ್. ಎರಡೂ ಒಟ್ಟಿಗೆ ಹಾಕಿಕೊಳ್ಳುತ್ತಾಳಂತೆ. 'ಎರಡೂ ಎದುರುಬದುರು ಆಡಲ್ಲವಲ್ಲ ಪಪ್ಪಾ' ಅಂದಳು. ಬುಲ್ಸ್ ಅಂತ ಒಂದು ಇದೆ ಅಂತ ಇನ್ನೂ ಹೇಳಿಲ್ಲ.

ಈ ಮಾತುಕತೆಯಲ್ಲಿ ಇನ್ನೊಂದು ವಿಷಯ ಹೊರಗೆ ಬಂತು. 2017ರ ಫೈನಲ್ ಕಥೆ ಮಗಳಿಗೆ ಹೇಳುತ್ತಿದ್ದೆ, ಪಟಾಕಿ, ರನೌಟ್ ಎಲ್ಲ. ಮನೆಯವಳು ಬಟ್ಟೆ ಮಡಚುತ್ತ ಕೂತಿದ್ದಳು. 'ಅವತ್ತು ನಾನು ಮುಂಬೈ ಪರ ಇದ್ದೆ' ಅಂದಳು. ಅದೇ ಹಾಲ್‌ನಲ್ಲಿ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು ರೀ! ಸೊಲ್ಲಾಪುರದಲ್ಲಿ ಅವರ ಅಣ್ಣಂದಿರೆಲ್ಲ ಸಚಿನ್ ಕಾಲದಿಂದ ಮುಂಬೈ ಅಂತೆ. 'ಮತ್ತೆ ಯಾಕೆ ಹೇಳಲಿಲ್ಲ' ಅಂದರೆ 'ನೀವು ಯಾವತ್ತು ಕೇಳಿದಿರಿ' ಅಂದಳು.

ಠಾಣೆ ಅಕ್ಕ

ಆ ತಂಗಿಗೆ ನನ್ನ ನಮಸ್ಕಾರ ತಿಳಿಸಿ. ಐದು ಕಪ್ ಗೆದ್ದವರು ಯಾಕೆ ಬಾಯಿ ಬಿಡಬೇಕು?

ಈ ಸಲ ಖಾಯಂ

ಮನೆಯಲ್ಲೇ ಮುಂಬೈ ಇಟ್ಟುಕೊಂಡು ಇಲ್ಲಿ ಬಂದು ಸಲಹೆ ಕೇಳುತ್ತಿದ್ದೀರಾ! ಹೋಗಲಿ, ಕ್ಯಾಪ್‌ಗೆ ಒಪ್ಪಿದ್ದೇನೆ.

ಚಾಕಣ್ ಸೆಕೆಂಡ್ ಶಿಫ್ಟ್

ಎರಡನೇ ಗೇಟ್ ಅಣ್ಣಾ, ಮುಂದಿನ ಸಲ ಪುಣೆಯಲ್ಲಿ ಮ್ಯಾಚ್ ಇಟ್ಟರೆ ಮಗಳನ್ನು ಕರೆದುಕೊಂಡು ಬರಬೇಕು ಅಂತಿದೆ. ಬಾಲೇವಾಡಿಯಲ್ಲಿ ಬೈಕ್ ಎಲ್ಲಿ ನಿಲ್ಲಿಸುವುದು ಒಳ್ಳೆಯದು? ಫುಟ್‌ಬಾಲ್ ಕಾಲದಲ್ಲಿ ಸಂದಿಯಲ್ಲಿ ಎಲ್ಲಾದರೂ ಹಚ್ಚಿ ಬರುತ್ತಿದ್ದೆ, ಈಗ ಎಲ್ಲ ಕಡೆ ಬಿಲ್ಡಿಂಗ್ ಬಂದಿವೆ.

ಬಾಲೇವಾಡಿ ಎರಡನೇ ಗೇಟ್

ಮ್ಯಾಚ್ ಶುರುವಾಗುವ ಒಂದು ಗಂಟೆ ಮೊದಲು ಬಂದರೆ ಕಾಂಪ್ಲೆಕ್ಸ್ ಒಳಗೇ ಜಾಗ ಸಿಗುತ್ತದೆ. ತಡವಾದರೆ ಹೈವೇ ಸರ್ವಿಸ್ ರೋಡಿನಿಂದ ನಡೆಯಬೇಕು, ಮಗು ಜೊತೆ ಅದು ಬೇಡ. ನೀರಿನ ಬಾಟಲಿ ಗೇಟಿನಲ್ಲೇ ಇಟ್ಟುಕೊಳ್ಳುತ್ತಾರೆ, ಮನೆಯಿಂದ ತರಬೇಡಿ. ಮತ್ತೆ, ಮನೆಯವರನ್ನೂ ಕರೆದುಕೊಂಡು ಬನ್ನಿ. ಕಬಡ್ಡಿಯಲ್ಲಿ ಯಾರ ಪರ ಅಂತ ಈಗಲೇ ಕೇಳಿಕೊಳ್ಳಿ.